ಅಂಗಸಪ್ಪ ಗೆದ್ದ ಮೇಲೆ

ಸೆಪ್ಟೆಂಬರ್ ೧೫, ಸೋಮವಾರ

ಗೆದ್ದ. ನನ್ನ ಗಾಲ್ಫ್ ಆಟಗಾರ ಅಂಗಸ್ ಬೇರ್ಡ್ ಗೆದ್ದ. ಬರೆಯಲು ಕೂತರೂ ಪೆನ್ನು ನೆಟ್ಟಗೆ ನಿಲ್ಲುತ್ತಿಲ್ಲ. ಹನ್ನೊಂದು ವರ್ಷದ ಮೇಲೆ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಮೀಸೆ ಚಿಗುರದ ಹುಡುಗರನ್ನೆಲ್ಲ ಹಿಂದೆ ಹಾಕಿ ಗೆದ್ದ. ಸಿಂದಗಿಯಲ್ಲಿ ಇದಕ್ಕೆ ಖುಷಿಪಟ್ಟವಳು ನಾನೊಬ್ಬಳೇ ಇರಬೇಕು. ಇರಲಿ, ಒಂದು ಊರು ಪಡುವಷ್ಟು ಖುಷಿಯನ್ನು ನಾನೊಬ್ಬಳೇ ಪಟ್ಟಿದ್ದೇನೆ.

ಆಟ ನಿನ್ನೆಯೇ ಮುಗಿಯಬೇಕಿತ್ತು. ಅಲ್ಲಿ ಸ್ಕಾಟ್ಲೆಂಡಿನಲ್ಲಿ ಸಮುದ್ರದ ಕಡೆಯಿಂದ ಮಂಜು ನುಗ್ಗಿ, ಹೊಡೆದ ಚೆಂಡು ಎಲ್ಲಿ ಹೋಯಿತೆಂದೇ ಕಾಣದಂತಾಗಿ, ಕೊನೆಯ ಮೂರು ಕುಳಿಗಳ ಆಟವನ್ನು ಇವತ್ತಿಗೆ ಇಟ್ಟರು. ಅವರಿಗೆ ಬೆಳಿಗ್ಗೆ ಅಂದರೆ ನಮಗೆ ಮಧ್ಯಾಹ್ನ, ನಮ್ಮ ರೊಟ್ಟಿ ಕೇಂದ್ರದಲ್ಲಿ ಎಲ್ಲ ಒಲೆ ಉರಿಯುವ ಹೊತ್ತು. ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ನೋಡಿದೆ. ಕೆಲಸಕ್ಕೆ ಬರುವ ಮುಬೀನಾ, ಬಾಳಮ್ಮ ಇಬ್ಬರೂ ರೊಟ್ಟಿ ಬಡಿಯುತ್ತಿದ್ದರು. ನಾನು ಹಂಚಿನ ಮುಂದೆ ಕೂತು ಬೇಯಿಸುತ್ತಿದ್ದೆ. ಬೇಯಿಸುತ್ತಿದ್ದೆ ಅಂದರೆ ಸುಳ್ಳು, ಸುಡುತ್ತಿದ್ದೆ.

ಕೊನೆಯ ಕುಳಿಗೆ ಚೆಂಡು ಮೂರಡಿ ದೂರದಲ್ಲಿ ನಿಂತಿತ್ತು. ಮೆಲ್ಲಗೆ ತಟ್ಟಿ ಒಳಗೆ ಬೀಳಿಸಿದರೆ ಗೆಲುವು. ಮೂರಡಿ ಏನು ಮಹಾ, ನಮ್ಮ ಅತ್ತೆ ಗುಂಡವ್ವ ಊರುಗೋಲಿನಿಂದ ತಳ್ಳಿದರೂ ಬಿದ್ದೀತು. ಆದರೆ ಹನ್ನೊಂದು ವರ್ಷದ ಹಿಂದೆ ಇಂಥದೇ ಚೆಂಡನ್ನು ತಪ್ಪಿಸಿ ಅಂಗಸ್ ಕೈಗೆ ಬಂದ ಕಪ್ಪನ್ನು ಕಳೆದುಕೊಂಡಿದ್ದ. ಅಂದಿನಿಂದ ಹತ್ತಿರದ ಚೆಂಡು ಅಂದರೆ ಅವನ ಕೈ ತಾನಾಗಿಯೇ ಜಿಗಿಯುತ್ತಿತ್ತು. ದೂರ ಹೊಡೆಯುವುದರಲ್ಲಿ ಹುಲಿ, ಹತ್ತಿರ ಬಂದರೆ ಇಲಿ. ಪೇಪರಿನವರು ಮುಗಿದ ಮನುಷ್ಯ ಎಂದು ಬರೆದಿದ್ದರು. ನಾನು ಬರೆದಿರಲಿಲ್ಲ.

ಇವತ್ತು ನಡೆದು ಬಂದ. ಅವನ ಕೋಲುಗಳ ಚೀಲ ಹೊರುವ ಗೆಳೆಯ ಪಕ್ಕದಲ್ಲಿ ಏನೋ ಹೇಳುತ್ತಿದ್ದ. ಇವನು ನಗುತ್ತಿದ್ದ. ನಗುತ್ತಲೇ ಬಗ್ಗಿ ತಟ್ಟಿಬಿಟ್ಟ. ಚೆಂಡು ಒಳಗೆ ಹೋಯಿತು. ನಾನು ಕೂಗಿದ ಕೂಗಿಗೆ ಬಾಳಮ್ಮನ ಕೈಯಲ್ಲಿದ್ದ ಹಿಟ್ಟು ನೆಲಕ್ಕೆ ಬಿತ್ತು, ಅತ್ತೆ ಒಳಗಿಂದ ಎದ್ದು ಬಂದರು.

"ಯಾರ ಸತ್ತ್ರು?"

"ಯಾರೂ ಸತ್ತಿಲ್ರಿ ಅತ್ತಿ. ಅಂಗಸ್ ಗೆದ್ದಾನ."

"ಯಾವ ಅಂಗಸಪ್ಪ?"

"ಗಾಲ್ಫ್ ಆಡಾಂವ್ರಿ. ಎಲ್ಲಾರಕಿಂತ ಕಡಿಮಿ ಸಲ ಹೊಡದು ಗೆದ್ದಾನ."

"ಕಡಿಮಿ ಹೊಡದಾಂವ ಹೆಂಗ ಗೆಲ್ತಾನ?"

"ಈ ಆಟ ಹಂಗs ಐತ್ರಿ. ಕಡಿಮಿ ಹೊಡದಷ್ಟೂ ಚಲೋ."

ಅತ್ತೆ ಇದನ್ನು ಸ್ವಲ್ಪ ಹೊತ್ತು ಅಗಿದರು. "ಕಡಿಮಿ ಕೆಲಸಾ ಮಾಡಿದಾಂವಗ ಬಹುಮಾನ. ಸಾಹೇಬರ ಆಟ ಮತ್ತ ಹೆಂಗಿರ್ತೈತಿ" ಅಂದು ಒಳಗೆ ಹೋದರು.

ಅಂಗಡಿಗಳಿಗೆ ರೊಟ್ಟಿ ಕೊಟ್ಟು ಬಂದ ನಮ್ಮ ಮನೆಯವರಿಗೆ ಆ ಕೊನೆಯ ಹೊಡೆತವನ್ನು ಮತ್ತೆ ಮತ್ತೆ ತೋರಿಸಿದೆ. ಇವರು ಚೆಂಡನ್ನು ನೋಡಿದರೆ ತಾನೆ. "ಹುಲ್ಲು ಒದ್ದಿ ಐತಿ. ಇವತ್ತ ಮಷೀನ್ ಹೊಡದಿಲ್ಲ ಅವ್ರು" ಅಂದರು. ಪುಣೆಯ ಗಾಲ್ಫ್ ಕ್ಲಬ್ಬಿನಲ್ಲಿ ಹತ್ತು ವರ್ಷ ಹುಲ್ಲು ಕತ್ತರಿಸಿದ ಮನುಷ್ಯ. ನಮ್ಮ ಖೋಲಿ ಅಲ್ಲಿಯ ಬೇಲಿಯ ಹಿಂದೆಯೇ ಇತ್ತು. ಬಟ್ಟೆ ಒಣಗಿಸುತ್ತ ನಿಂತು ನಿಂತು ನನಗೆ ಈ ಹುಚ್ಚು ಹತ್ತಿತು. ಇವರಿಗೆ ಹುಲ್ಲು, ನನಗೆ ಆಟ.

ಒಂದೇ ಒಂದು ಬೇಸರ. ಕೊನೆಗೆ ಮೈಕು ಹಿಡಿದವರು, ಆ ಹೊಡೆತ ಹೊಡೆಯುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರು. ಹೊಡೆದದ್ದೇ ನೆನಪಿಲ್ಲ ಅಂದುಬಿಟ್ಟ. ಇಷ್ಟು ವರ್ಷ ಜೀವ ಹಿಡಿದುಕೊಂಡು ಕಾದವರಿಗೆ ಇದೇನು ಉತ್ತರ? ಏನೋ ಗುಟ್ಟು ಇಟ್ಟುಕೊಂಡಿದ್ದಾನೆ.

ಸೆಪ್ಟೆಂಬರ್ ೧೬, ಮಂಗಳವಾರ

ಇವತ್ತೂ ಕಾಲು ನೆಲಕ್ಕೆ ಹತ್ತುತ್ತಿಲ್ಲ. ಹಿಟ್ಟಿನ ಗಿರಣಿಯ ಮಾಳಿಂಗರಾಯಣ್ಣನಿಗೆ ಹೇಳಿದೆ. "ಇಂಡಿಯಾ ಗೆದ್ದಿತೇನ್ರಿ?" ಎಂದು ಕೇಳಿದ. ಇಲ್ಲ, ಸ್ಕಾಟ್ಲೆಂಡಿನವನು ಗೆದ್ದ ಅಂದೆ. "ಮತ್ತ ನಿಮಗೇನ್ ಬಂತ್ರಿ ಅದರಾಗ?" ಅಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ನನಗೆ ಏನು ಬಂತು ಎಂದು ಅವನಿಗೆ ಹೇಳುವ ಹಾಗಿಲ್ಲ. ಇಲ್ಲಿ ಬರೆಯಬಹುದು.

ನನ್ನ ಕೈಯೂ ಅಂಗಸನ ಕೈಯ ಹಾಗೆ ಆಗಿದೆ. ಬೇಸಿಗೆಯಲ್ಲಿ ಇಂಗಳೇಶ್ವರದ ಮದುವೆಯೊಂದರಲ್ಲಿ, ಪಂಕ್ತಿಯ ಎದುರಿಗೇ ಒಲೆ ಹೂಡಿ ಬಿಸಿ ರೊಟ್ಟಿ ಮಾಡಿ ಹಾಕುತ್ತಿದ್ದೆ. ಫರಸಿ ಕಲ್ಲಿನ ಮೇಲೆ ಬಡಿದ ರೊಟ್ಟಿಯನ್ನು ಅಂಚಿಗೆ ಜಾರಿಸಿ, ಅಂಗೈ ಮೇಲೆ ತೆಗೆದುಕೊಂಡು ಹಂಚಿಗೆ ಮಗುಚುವಾಗ ನಡುವೆ ಹರಿಯಿತು. ಅರ್ಧ ಹಂಚಿನ ಮೇಲೆ, ಅರ್ಧ ಬೂದಿಯಲ್ಲಿ. "ಇದು ಕೈ ರೊಟ್ಟಿನೋ ಹರಕ ರೊಟ್ಟಿನೋ?" ಎಂದು ಬೀಗರ ಪೈಕಿ ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನದೂ ಹರಿಯಿತು. ಅದರ ಮುಂದಿನದೂ.

ಅಂದಿನಿಂದ ಬಡಿಯುವವರೆಗೆ ಕೈ ನನ್ನದು, ಎತ್ತುವ ಕ್ಷಣ ಬಂದರೆ ಬೇರೆ ಯಾರದ್ದೋ. ವಿಜಯಪುರದ ಡಾಕ್ಟರು ಕೈಯಲ್ಲಿ ಏನೂ ಇಲ್ಲ ಅಂದರು. ಹನ್ನೆರಡರ ವಯಸ್ಸಿನಿಂದ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ. ಹೊರಗೆ ಬೋರ್ಡಿನ ಮೇಲೆ 'ವಿಜಯಶ್ರೀ ಕೈ ರೊಟ್ಟಿ ಕೇಂದ್ರ' ಎಂದು ಇಷ್ಟು ದಪ್ಪಗೆ ಬರೆಸಿದ್ದೇವೆ, ಒಳಗೆ ವಿಜಯಶ್ರೀ ಹಿಟ್ಟು ನಾದುತ್ತಾಳೆ, ಬೇಯಿಸುತ್ತಾಳೆ, ಕಟ್ಟುತ್ತಾಳೆ, ರೊಟ್ಟಿ ಮಾತ್ರ ಮಾಡುವುದಿಲ್ಲ. ತಗೊಂಡು ಹೋಗುವವರು "ಅಕ್ಕಾರ ಕೈ ರುಚಿನs ಬ್ಯಾರೆ" ಅಂದಾಗ ಮುಬೀನಾ ಮುಖ ತಿರುಗಿಸಿಕೊಳ್ಳುತ್ತಾಳೆ, ನನ್ನ ಮಾನ ಉಳಿಸಲು.

ಇವರು ನನ್ನ ಕಷ್ಟ ನೋಡಲಾರದೆ ಬಸವನ ಬಾಗೇವಾಡಿಯ ಅರುಣಕುಮಾರ ಎಂಬುವರ ಹತ್ತಿರ ರೊಟ್ಟಿ ಮಷೀನಿಗೆ ಮಾತಾಡಿ ಬಂದಿದ್ದಾರೆ. ಮುಂದಿನ ವಾರ, ಗುರುವಾರ, ಅವರು ಬಂದು ಜಾಗ ನೋಡಿ ಅಳತೆ ತೆಗೆದುಕೊಳ್ಳುತ್ತಾರೆ, ಮಹಾನವಮಿಯ ಖಂಡೆ ಪೂಜೆಯ ಹೊತ್ತಿಗೆ ಮಷೀನು ಬಂದು ಕೂತಿರುತ್ತದೆ. ಆಮೇಲೆ ಬೋರ್ಡಿನಲ್ಲಿ 'ಕೈ' ಅನ್ನುವುದನ್ನು ಅಳಿಸಬೇಕು. ಸುಳ್ಳು ಬರೆದುಕೊಂಡು ಕೂರಲು ನನ್ನಿಂದ ಆಗದು.

ಹಾಗಾದರೆ ಗುರುವಾರದೊಳಗೆ ನನ್ನ ಕೈ ನನಗೆ ವಾಪಸು ಬೇಕು. ಹನ್ನೊಂದು ವರ್ಷದ ರೋಗ ಅಂಗಸನಿಗೆ ಬಿಟ್ಟಿದೆ. ನನ್ನದು ನಾಲ್ಕು ತಿಂಗಳದ್ದು, ಎಳೆಯದು.

ಸೆಪ್ಟೆಂಬರ್ ೧೮, ಗುರುವಾರ

ಗುಟ್ಟು ಸಿಕ್ಕಿತು. ವಿಡಿಯೊ ನಿಧಾನ ಮಾಡಿ ನೋಡಿದೆ. ಅವನು ಬಲಗೈಯಿಂದ ಕೋಲನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಎರಡು ಬೆರಳಿನಲ್ಲಿ ಪೆನ್ನು ಹಿಡಿದ ಹಾಗೆ, ಹಿಡಿದೂ ಹಿಡಿಯದ ಹಾಗೆ ಹಿಡಿಯುತ್ತಾನೆ. ಬಿಗಿ ಹಿಡಿದ ಕೈ ಜಿಗಿಯುತ್ತದೆ, ಸಡಿಲ ಕೈಗೆ ಜಿಗಿಯಲು ಬಲವೇ ಇರುವುದಿಲ್ಲ. ಎಷ್ಟು ಸರಳ. ಖುಷಿಗೆ ನಿದ್ದೆ ಬರಲಿಲ್ಲ.

ಇವತ್ತು ಎಲ್ಲರೂ ಬರುವ ಮುಂಚೆ ಒಲೆ ಹೊತ್ತಿಸಿ, ಎಸರು ಕಾಯಿಸಿ, ಸ್ವಲ್ಪ ಹಿಟ್ಟು ನಾದಿ ಕೂತೆ. ಬಡಿದೆ. ಅಂಗಸನ ಹಾಗೆ ಎರಡೇ ಬೆರಳು ಹಚ್ಚಿ ರೊಟ್ಟಿ ಎತ್ತಿದೆ. ಅದು ಒಗೆದ ಅಂಗಿಯ ಹಾಗೆ ಜೋತುಬಿದ್ದು ಹರಿಯಿತು. ಎಡಗೈ ಕೆಳಗೆ, ಬಲಗೈ ಮೇಲೆ ಮಾಡಿ ನೋಡಿದೆ. ಉಸಿರು ಬಿಗಿಹಿಡಿದು ನೋಡಿದೆ. ಕಣ್ಣು ಮುಚ್ಚಿ ಎತ್ತಿ ಒಲೆಯೊಳಗೆ ಹಾಕಿದೆ.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ.

"ಏನ ಮಾಡಾಕತ್ತಿ?"

"ಅಂಗಸ್ ಹೆಂಗ ಹಿಡೀತಾನ ಹಂಗ ಹಿಡದು ನೋಡಾಕತ್ತೇನ್ರಿ."

"ಅಂಗಸಪ್ಪಗ ರೊಟ್ಟಿ ಬಡಿಯಾಕ ಬರ್ತೈತೇನು?"

"ಇಲ್ರಿ."

"ಮತ್ತ ಅಂವನ್ನ ಏನ ಕೇಳ್ತಿ?" ಅಂದು ಹೋದರು. ಬಾಯಿ ಬಹಳ ಮುದುಕಿಯದು. ನನಗೆ ರೊಟ್ಟಿ ಬಡಿಯಲು ಕಲಿಸಿದ್ದು ಅವ್ವ ಆದರೂ ತಿದ್ದಿದ್ದು ಅತ್ತೆಯೇ. ಹರಿದ ರೊಟ್ಟಿಗಳನ್ನೆಲ್ಲ ಎಮ್ಮೆಯ ಮುಂದೆ ಹಾಕಿದೆ. ಎಮ್ಮೆಗೆ ಒಂದು ದೂರೂ ಇಲ್ಲ.

ಸೆಪ್ಟೆಂಬರ್ ೧೯, ಶುಕ್ರವಾರ

ಎಮ್ಮೆಗೆ ಇವತ್ತೂ ಹಬ್ಬ.

ಸೆಪ್ಟೆಂಬರ್ ೨೧, ಭಾನುವಾರ

ಇವರ ಬೈಕಿನಲ್ಲಿ ಬಸವನ ಬಾಗೇವಾಡಿಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ತೊಗರಿ ಎದೆಮಟ್ಟ ಬೆಳೆದು ನಿಂತಿದೆ. ಎರಡು ಹೊಲದ ನಡುವಿನ ಹಸಿರು ಬದುವನ್ನು ನೋಡಿ ಇವರು ಬೈಕು ನಿಧಾನ ಮಾಡಿ, "ನೋಡು, ಎಂಥಾ ಹುಲ್ಲು. ಒಂದ್ ಮಷೀನ್ ಹೊಡದ್ರ ಗ್ರೀನ್ ಆಗ್ತೈತಿ" ಅಂದರು. ಗ್ರೀನ್ ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ನೆಲ. ನಾನು ಅಲ್ಲೇ ಮನಸ್ಸಿನಲ್ಲಿ ಒಂದು ಕುಳಿ ತೋಡಿ ಬಾವುಟ ನೆಟ್ಟೆ. ಆಚೆ ಹಳ್ಳ, ಚೆಂಡು ಬಿದ್ದರೆ ಗೋವಿಂದ. ಈಚೆ ಜಾಲಿಗಿಡ, ಅದರೊಳಗೆ ಹೋದರೆ ಅಂಗಸ್ ಕೂಡ ಅಂಗಿ ಹರಿದುಕೊಂಡು ಬರಬೇಕು. ಇಬ್ಬರೂ ಬಾಗೇವಾಡಿ ಬರುವವರೆಗೆ ಹೊಲ ಹೊಲಕ್ಕೂ ಕುಳಿ ತೋಡುತ್ತ ಹೋದೆವು. ಎಷ್ಟೋ ದಿನದ ಮೇಲೆ ಇಬ್ಬರೂ ಹೀಗೆ ನಕ್ಕದ್ದು.

ಮಷೀನಿನಲ್ಲಿ ತಪ್ಪು ಹುಡುಕಲು ಹೋದೆ, ಸಿಗಲಿಲ್ಲ. ಅರುಣಕುಮಾರ ಒಳ್ಳೆಯ ಮನುಷ್ಯ, ಚಹಾ ಕೊಟ್ಟು ಎಲ್ಲ ತೋರಿಸಿದ. ಹಿಟ್ಟಿನ ಉಂಡೆ ಇಟ್ಟು ಹಿಡಿಕೆ ಒತ್ತಿದರೆ ಹುಣ್ಣಿಮೆಯ ಚಂದ್ರನ ಹಾಗೆ ರೊಟ್ಟಿ. ಹರಿಯುವುದಿಲ್ಲ, ನಡುಗುವುದಿಲ್ಲ. "ಇದಕ್ಕ ಟೆನ್ಶನ್ ಅನ್ನೂದು ಗೊತ್ತಿಲ್ರಿ ಅಕ್ಕಾರ" ಅಂದ. ತಿಂದು ನೋಡಿದೆ, ರುಚಿಯೂ ಇದೆ. ಮಷೀನಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

"ಹೆಂಗ ಅನಸ್ತು?" ಎಂದು ಇವರು ಕೇಳಿದರು.

"ಚಲೋ ಐತ್ರಿ."

"ನಿನ್ನ ಮಾರಿ ಹಂಗ ಹೇಳವಲ್ದು."

ವಾಪಸು ಬರುವಾಗ ಬೈಕಿನಲ್ಲಿ ನನಗೆ ಅಳು ಬಂತು. ಹೆಲ್ಮೆಟ್ ಇತ್ತು, ಕಾಣಿಸಲಿಲ್ಲ. ಅರುಣಕುಮಾರನಿಗೆ ಗುರುವಾರ ಬರಲು ಹೇಳಿ ಬಂದಿದ್ದೆವು.

ಸೆಪ್ಟೆಂಬರ್ ೨೪, ಬುಧವಾರ

ಇವತ್ತು ನನ್ನ ಆಟದ ಕತೆಗೆ ಕೊನೆಗೂ ಕೇಳುಗರು ಸಿಕ್ಕರು. ಎಲ್ಲವನ್ನೂ ಬರೆಯಬೇಕು.

ಬಾಳಮ್ಮ ನವರಾತ್ರಿಗೆ ತವರಿಗೆಂದು ಲಚ್ಯಾಣಕ್ಕೆ ಹೋಗಿದ್ದಾಳೆ. ಹಬ್ಬದ ಬೇಡಿಕೆ ಮೈಮೇಲೆ ಬಂದಿದೆ, ಮುಬೀನಾ ಒಬ್ಬಳೇ ಬಡಿಯುತ್ತಿದ್ದಳು. ಮಧ್ಯಾಹ್ನ ಅತ್ತೆ ಎದ್ದು ಬಂದು, "ಸರಿ ಅತ್ಲಾಗ, ನಾ ಬೇಯಸ್ತೇನಿ" ಎಂದು ನನ್ನನ್ನು ಹಂಚಿನ ಮುಂದಿನಿಂದ ಎಬ್ಬಿಸಿ ತಾವು ಕೂತರು. ಸ್ವಲ್ಪ ಹೊತ್ತಿಗೆ ಮುಬೀನಾ, "ಅಕ್ಕಾ, ತಂಗಿ ಫೋನ್ ಬಂದೈತಿ, ಈಗ ಬಂದೆ" ಎಂದು ಹೊರಗೆ ಹೋದಳು. ರಿಂಗಾದದ್ದು ನನಗಂತೂ ಕೇಳಿಸಲಿಲ್ಲ.

"ಹಿಟ್ಟು ಬಿಸೀದೈತಿ, ಆರಿದ್ರ ಬಿರೀತೈತಿ" ಅಂದರು ಅತ್ತೆ. "ನೀ ಸುಮ್ಮ ಬಡಕೋಂತ ಕುಂದ್ರು, ಎತ್ತಾಕ ಮುಬೀನಾ ಬರ್ತಾಳ."

ಬಡಿಯುವುದಕ್ಕೆ ನನಗೇನು ಭಯ? ಕೂತೆ.

"ಆ ನಿನ್ನ ಅಂಗಸಪ್ಪಂದು ಅವತ್ತ ಪೂರಾ ಕೇಳಲಿಲ್ಲ. ಮೊದಲಿಂದ ಹೇಳು."

ಈ ಮಾತಿಗೆ ಒಂಬತ್ತು ದಿನದಿಂದ ಕಾಯುತ್ತಿದ್ದೆನಲ್ಲ. ಶುರು ಮಾಡಿದೆ. ಮೊದಲ ದಿನದ ಗಾಳಿಯಿಂದಲೇ ಹಿಡಿದೆ, ಚೆಂಡನ್ನು ಪೂರ್ವಕ್ಕೆ ಹೊಡೆದರೆ ಉತ್ತರಕ್ಕೆ ಒಯ್ಯುವ ಗಾಳಿ. ಎರಡನೆಯ ದಿನ ಅವನ ಚೆಂಡು ಉಸುಕಿನ ತಗ್ಗಿಗೆ ಬಿದ್ದದ್ದು. ತಗ್ಗು ಅಂದರೆ ಆಳೆತ್ತರದ್ದು, ಒಳಗಿಳಿದರೆ ಬಾವುಟವೇ ಕಾಣದು.

"ಕೈಲೆ ತಗದು ಹೊರಗ ಒಗದ್ರ ಆಗಂಗಿಲ್ಲೇನು?"

"ಆಗಂಗಿಲ್ರಿ. ಬಿದ್ದಲ್ಲಿಂದನs ಹೊಡೀಬೇಕು."

"ಹಂಗಾರ ಸಾಹೇಬರ ಆಟ ಅಲ್ಲ ಬಿಡು. ಮುಂದ?"

ಮೊದಲ ಹೊಡೆತಕ್ಕೆ ಚೆಂಡು ತಗ್ಗಿನ ಗೋಡೆಗೆ ಬಡಿದು ಕಾಲ ಬುಡಕ್ಕೇ ಬಂತು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ಉಸುಕೆಲ್ಲ ಮಳೆಯ ಹಾಗೆ ಎದ್ದು, ಅದರ ನಡುವಿನಿಂದ ಚೆಂಡು ಹಾರಿ ಹೋಗಿ ಕುಳಿಯ ಬಾಯಲ್ಲಿ ಬಿತ್ತು. ಆಮೇಲೆ ಭಾನುವಾರದ ಮಂಜು. ನಡುವಿನಲ್ಲೇ ಆಟ ನಿಂತು, ಎಲ್ಲರಿಗಿಂತ ಒಂದು ಹೊಡೆತ ಮುಂದಿದ್ದ ಅಂಗಸ್ ಮನೆಗೆ ಹೋಗಿ ಮಲಗಬೇಕಾದದ್ದು.

"ನಿದ್ದಿ ಬಂದಿತ್ತೇನು ಅಂವಗ?" ಅತ್ತೆ ಒದ್ದೆ ಅರಿವೆಯಿಂದ ರೊಟ್ಟಿ ಸವರುತ್ತ ಕೇಳಿದರು.

"ಹೆಂಗ ಬರ್ತೈತ್ರಿ? ಹನ್ನೊಂದ ವರ್ಷದ ಹಿಂದಿಂದು ಕಣ್ಣ ಮುಂದ ಬಂದಿರ್ತೈತಿ."

ನಾನು ಬಾಗೇವಾಡಿಯ ದಾರಿಯಲ್ಲಿ ನೆಟ್ಟ ಬಾವುಟವನ್ನೂ ಸೇರಿಸಿದೆನೋ ಏನೋ, ಕತೆ ಓಡತೊಡಗಿತು. ಸೋಮವಾರ, ಕೊನೆಯ ಕುಳಿ, ಸುತ್ತ ಸಾವಿರಾರು ಜನ, ಒಬ್ಬರೂ ಉಸಿರು ಬಿಡದ ಹಾಗೆ ನಿಂತಿದ್ದಾರೆ. ಗಾಲ್ಫಿನಲ್ಲಿ ಆಟಗಾರ ಚೆಂಡಿನ ಮುಂದೆ ನಿಂತರೆ ಕೆಮ್ಮಿದವನೂ ಪಾಪಿ ಎಂದು ಅತ್ತೆಗೆ ತಿಳಿಸಿದೆ. ಮೂರಡಿ. ಗೆಳೆಯ ಏನೋ ಅನ್ನುತ್ತಾನೆ, ಅಂಗಸ್ ನಗುತ್ತಾನೆ, ನಗುತ್ತಲೇ ತಟ್ಟುತ್ತಾನೆ. ಚೆಂಡು ಉರುಳಿತು, ಅಂಚಿಗೆ ಬಂತು, ಒಳಗೆ. ಹೇಳುವಾಗ ನನ್ನ ಮೈಮೇಲೆ ಮತ್ತೆ ಮುಳ್ಳು ಎದ್ದವು.

ಹೇಳಿ ಮುಗಿಸಿದಾಗ ಹಿಟ್ಟು ಮುಗಿದಿತ್ತು, ಬುಟ್ಟಿ ತುಂಬಿತ್ತು. ಮುಬೀನಾ ಬಾಗಿಲಲ್ಲಿ ನಿಂತು ಬಾಯಿ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದಳು. ಅವಳ ಹಿಂದೆ ಇವರು, ಹೆಲ್ಮೆಟ್ಟನ್ನೂ ತೆಗೆಯದೆ. ಇವರ ಕಣ್ಣು ಒದ್ದೆಯಾಗಿತ್ತು. ಪುಣೆಯಲ್ಲಿ ಎಷ್ಟೋ ಟೂರ್ನಿ ನೋಡಿದವರಿಗೇ ನನ್ನ ಕತೆ ಅಷ್ಟು ನಾಟಿತು ಅಂದರೆ ಏನು ಹೇಳಲಿ.

"ಎಲ್ಲಾರೂ ಯಾಕ್ರಿ ಹಿಂಗ ನಿಂತೀರಿ?"

ಅತ್ತೆ ಅವರಿಬ್ಬರ ಕಡೆಗೆ ಕಣ್ಣು ಬಿಟ್ಟು ನೋಡಿ, "ಚಲೋ ಹೇಳ್ತಿ ಬಿಡು ಕತಿ" ಅಂದರು. ನನ್ನ ಅತ್ತೆಯ ಬಾಯಿಂದ ಇಂಥ ಮಾತು ನಾನು ಈ ಮನೆಗೆ ಬಂದ ಮೇಲೆ ಕೇಳಿದ್ದು ಇದೇ ಮೊದಲು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ರೊಟ್ಟಿಗಳನ್ನು ಮುಬೀನಾ ಯಾವಾಗ ಬಂದು ಎತ್ತಿ ಹಾಕಿದಳೋ, ಮಾತಿನ ಭರದಲ್ಲಿ ಗಮನಿಸಲಿಲ್ಲ. ನಾಳೆ ಅರುಣಕುಮಾರ ಬರುತ್ತಾನೆ. ಬರಲಿ. ಇವತ್ತಿನ ಖುಷಿಯನ್ನು ಅದಕ್ಕಾಗಿ ಕೆಡಿಸಿಕೊಳ್ಳುವುದಿಲ್ಲ.

ಸೆಪ್ಟೆಂಬರ್ ೨೫, ಗುರುವಾರ

ಅರುಣಕುಮಾರ ಬರಲಿಲ್ಲ. ಇವರು ನಿನ್ನೆ ಸಂಜೆಯೇ ಫೋನು ಮಾಡಿ ಬರಬೇಡಿ ಎಂದು ಹೇಳಿದ್ದರಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನನ್ನ ಕೇಳದs ಹೆಂಗ ಬ್ಯಾಡ ಅಂದ್ರಿ? ಹಬ್ಬದ ರೊಟ್ಟಿ ಯಾರ ಬಡೀಬೇಕು?"

"ನಿನ್ನೆ ಬಡದಾಕಿ ಬಡೀತಾಳ" ಅಂದರು ಇವರು.

"ಬಡೀಲಿಕ್ಕೇನು, ಎತ್ತಾವ್ರು ಯಾರು?"

ಮುಬೀನಾ ಅತ್ತೆಯ ಮುಖ ನೋಡಿದಳು. ಅತ್ತೆ ಹೂಂ ಅಂದ ಮೇಲೆ ಬಾಯಿ ಬಿಟ್ಟಳು. "ಅಕ್ಕಾ, ನಾ ನಿನ್ನೆ ಒಂದೂ ಮುಟ್ಟಿಲ್ಲ. ಪೂರಾ ಬುಟ್ಟಿ ನೀವs ಎತ್ತಿ ಹಾಕೀರಿ. ನಾ ಬಾಗಲದಾಗs ನಿಂತಿದ್ನಿ."

ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅವಳು, ಹೆಲ್ಮೆಟ್ಟು ಹಾಕಿಕೊಂಡೇ ನಿಂತಿದ್ದ ಇವರು ಕಣ್ಣಿಗೆ ಬಂದರು. ನಾನು ಎತ್ತಿದ್ದು ನನಗೆ ಒಂದೂ ನೆನಪಿಲ್ಲ. ಎಷ್ಟು ನೆನಪಿಸಿಕೊಂಡರೂ ಅಂಗಸನೇ ಕಾಣುತ್ತಾನೆ, ರೊಟ್ಟಿ ಕಾಣುವುದಿಲ್ಲ.

ತಿಳಿದದ್ದೇ ತಪ್ಪಾಯಿತು ಅನ್ನಿಸಿತು. ಗೊತ್ತಿಲ್ಲದೆ ಎತ್ತಿದ್ದು ಬೇರೆ, ಈಗ ಎಲ್ಲರ ಕಣ್ಣ ಮುಂದೆ ಎತ್ತುವುದು ಬೇರೆ. ಕೂತುಕೋ ಎಂದು ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳಬಹುದಿತ್ತು. ನಾನೇ ಹೋಗಿ ಕಲ್ಲಿನ ಮುಂದೆ ಕೂತೆ. ಬಡಿದೆ. ಅಂಚಿಗೆ ಜಾರಿಸಿದೆ. ಎತ್ತಿದೆ.

ಹರಿಯಿತು. ಇಂಗಳೇಶ್ವರದ ಹಾಗೆಯೇ, ನಡುವೆ.

ಮುಬೀನಾ ನೆಲ ನೋಡಿದಳು. ಇವರು ಹೊರಗೆ ಬೈಕು ನೋಡಿದರು. ಅತ್ತೆಯ ಬಾಯಿಯಿಂದ ಏನು ಬರುತ್ತದೋ ಎಂದು ನಾನು ತಲೆ ಬಗ್ಗಿಸಿ ಕೂತೆ. ಅವರು ತಟ್ಟೆ ಮುಂದೆ ಮಾಡಿದರು.

"ಹರದದ್ದು ನನಗ ಹಾಕು. ಹಸಿವ್ಯಾಗೈತಿ."

ಬೇಯಿಸಿ ಎರಡು ಚೂರೂ ಹಾಕಿದೆ. ಶೇಂಗಾ ಚಟ್ನಿಪುಡಿ, ಮೊಸರು ಹಚ್ಚಿಕೊಂಡು ಅಲ್ಲೇ ಕೂತು ತಿನ್ನತೊಡಗಿದರು. ಮದುವೆ ಮನೆಯಲ್ಲಿ ಎಲ್ಲರೂ ನಕ್ಕರು ಎಂದು ನಾನು ನಾಲ್ಕು ತಿಂಗಳು ಅತ್ತಿದ್ದೇನೆ. ಹರಿದ ರೊಟ್ಟಿಯನ್ನು ಯಾರಾದರೂ ತಿಂದರೇ ಎಂದು ಒಮ್ಮೆಯೂ ನೋಡಿರಲಿಲ್ಲ. ತಿಂದೇ ಇರುತ್ತಾರೆ, ಬಿಸಿ ರೊಟ್ಟಿ ಯಾರು ಬಿಡುತ್ತಾರೆ.

ಎರಡನೆಯದನ್ನು ಎತ್ತಿದೆ. ಕೈ ನಡುಗಿತು, ಸುಳ್ಳು ಬರೆಯುವುದಿಲ್ಲ. ನಡುಗುವ ಕೈಯಲ್ಲೇ ಹೋಗಿ ರೊಟ್ಟಿ ಹಂಚಿನ ಮೇಲೆ ಇಡಿಯಾಗಿ ಬಿತ್ತು, ಸ್ವಲ್ಪ ಸೊಟ್ಟಗೆ. ಉಬ್ಬಿತು. ಮೂರನೆಯದೂ ಬಿತ್ತು. ಮುಬೀನಾ ಪಕ್ಕದ ಕಲ್ಲಿಗೆ ಬಂದು ಕೂತು ತಾನೂ ಬಡಿಯಲು ಹಿಡಿದಳು, ಏನೂ ಆಗಿಯೇ ಇಲ್ಲವೆಂಬ ಹಾಗೆ ತನ್ನ ತಂಗಿಯ ಸುದ್ದಿ ಹೇಳತೊಡಗಿದಳು. ಇವರು ಆಗಲೇ ಕಟ್ಟಿದ್ದ ರೊಟ್ಟಿ ಹೇರಿಕೊಂಡು ಹೋದರು. ಬುಟ್ಟಿ ಏರತೊಡಗಿತು.

ಅತ್ತೆ ತಮ್ಮ ಪಾಲು ಮುಗಿಸಿ, ತಟ್ಟೆ ಹಿಡಿದುಕೊಂಡು ನನ್ನ ಕೈಯನ್ನೇ ನೋಡುತ್ತ ಬಹಳ ಹೊತ್ತು ಕೂತರು. ಕೊನೆಗೆ ತಡೆಯಲಾರದೆ ಬೈದರು.

"ಹರೀ ಅಂದ್ರೂ ಹರೀವಲ್ದಲ್ಲs ನಿನ್ನ ರೊಟ್ಟಿ. ಕೊಡು, ಇಡೀದನ್ನs ತಿಂತೇನಿ."